ಹಳೇ ಡಬಲ್ ಬಾರ್ ಸೈಕಲ್‌ಗೆ ಇಂಜಿನ್ ಕೂರಿಸಬೇಕು, ಮೊದಲ ಸಲ, ದಾರಿ ಹೇಳಿ

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಗುಜರಿಯವನ ಹತ್ತಿರ ಒಂದು ಡಬಲ್ ಬಾರ್ ಸೈಕಲ್ ಸಿಕ್ಕಿದೆ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಎಲ್ಲ ಹೇರಿಕೊಂಡು ಹೋಗುತ್ತಿದ್ದರಲ್ಲ, ಆ ಜಾತಿಯದು. 28 ಇಂಚಿನ ಚಕ್ರ, ಕೇಬಲ್ ಬದಲು ಕಂಬಿಯಿಂದ ಎಳೆಯುವ ರಾಡ್ ಬ್ರೇಕ್, ಹಿಂದೆ ಭಾರೀ ಕ್ಯಾರಿಯರ್. ತುಕ್ಕು ಮೇಲ್ಮೇಲೆ ಮಾತ್ರ ಇದೆ. ಇದಕ್ಕೆ ಸಣ್ಣ ಇಂಜಿನ್ ಕೂರಿಸಿ ನೂರು ವರ್ಷದ ಹಿಂದಿನ ಮೋಟಾರ್‌ಸೈಕಲ್ ತರ ಮಾಡಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ 80 ಸಿಸಿ ಅಂತ ಚೀನಾ ಕಿಟ್ ಬರುತ್ತದೆ, ಅದನ್ನೇ ತರಿಸಲಾ? ಮನೆಯಲ್ಲಿ ಡ್ರಿಲ್, ಗ್ರೈಂಡರ್, ಒಂದು ವೈಸ್ ಇದೆ. ವೆಲ್ಡಿಂಗ್ ನನಗೆ ಬರಲ್ಲ, ಪೇಟೆಯಲ್ಲಿ ಮಾಡಿಸಬೇಕು. ಓಡಿಸುವುದು ತೋಟಕ್ಕೆ, ಜಾಸ್ತಿ ಅಂದರೆ ಪೇಟೆವರೆಗೆ. ಹದಿನೈದು ಸಾವಿರದ ಒಳಗೆ ಆಗಬೇಕು. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇಗಾಡಿ:
ಮೊದಲು ಒಂದು ಮಾತು, ಆ ಫ್ರೇಮನ್ನು ಯಾವ ಕಾರಣಕ್ಕೂ ಕುಯ್ಯಬೇಡಿ. ವಿಂಟೇಜ್ ಲುಕ್‌ಗೆ ಅರ್ಧ ಕೆಲಸ ಅದೇ ಮಾಡಿ ಮುಗಿಸಿದೆ. ಅಮೆರಿಕದಲ್ಲಿ ಇಂಡಿಯನ್ ಅನ್ನುವ ಮೋಟಾರ್‌ಸೈಕಲ್ ಕಂಪನಿ 1901ರಲ್ಲಿ ಶುರುವಾಯಿತು, ಹಾರ್ಲಿ ಡೇವಿಡ್‌ಸನ್ 1903ರಲ್ಲಿ. ಆಗಿನವು ಇಂಜಿನ್ ಇಟ್ಟ ಸೈಕಲ್‌ಗಳೇ, ಪೆಡಲ್ ಕೂಡ ಇತ್ತು. ಆಮೇಲೆ 1910ರ ಹೊತ್ತಿಗೆ ಮರದ ಹಲಗೆ ಹಾಸಿದ ಟ್ರ್ಯಾಕ್‌ಗಳಲ್ಲಿ ರೇಸ್ ಬಿಡುತ್ತಿದ್ದರು. ನೀವು ಫೋಟೋದಲ್ಲಿ ನೋಡಿ ಮರುಳಾಗಿರುವುದು ಬಹುಶಃ ಅವನ್ನೇ. ಉದ್ದಕ್ಕೆ ಚಪ್ಪಟೆ ಟ್ಯಾಂಕು, ಅದು ಮೇಲಿನ ಎರಡು ಕೊಳವೆಗಳ ನಡುವೆ ಕೂತಿರುತ್ತದೆ, ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ, ಮಡ್‌ಗಾರ್ಡ್ ಇಲ್ಲ. ಈಗ ನಿಮ್ಮ ಡಬಲ್ ಬಾರ್ ನೋಡಿ. ಎರಡು ಬಾರ್ ನಡುವೆ ಸಂದು ಇದೆ ಅಲ್ವಾ? ಆ ಟ್ಯಾಂಕ್‌ನ ಜಾಗ ಅದೇ. ವಿದೇಶದಲ್ಲಿ ಜನ ಈ ಆಕಾರಕ್ಕಾಗಿ ಫ್ರೇಮ್‌ಗೆ ಇನ್ನೊಂದು ಪೈಪ್ ಬೆಸೆಸುತ್ತಾರೆ. ನಮ್ಮಲ್ಲಿ ಹಾಲಿನವರ ಸೈಕಲ್‌ನಲ್ಲಿ ಸುಮ್ನೆ ಸಿಗುತ್ತದೆ.

ಆ ರೇಸ್ ಗಾಡಿಗಳಲ್ಲಿ ಬ್ರೇಕ್ ಇರಲಿಲ್ಲ. ಅದೊಂದನ್ನು ನಕಲು ಮಾಡಬೇಡಿ.

ಟೂಟಿ ಆಯಿಲ್:
ಗುರು, ಇಷ್ಟೆಲ್ಲ ಯಾಕೆ? ನಿನಗೆ ಬೇಕಾಗಿರುವುದು ಲೂನಾ. 1972ರಲ್ಲೇ ಬಂದಿತ್ತು, 50 ಸಿಸಿ, ಪೆಡಲ್ ಇತ್ತು. ಆಮೇಲೆ ಟಿವಿಎಸ್ 50. ಬಂಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಹಾಕಿಸಿಕೊಂಡು ಬುರ್ ಅಂತ ಹೋಗುತ್ತಿದ್ದೆವು. ಒಂದು ಹಳೇ ಲೂನಾ ಎತ್ತಿಕೊಂಡು ರಿಪೇರಿ ಮಾಡು, ಆರ್‌ಸಿ ಇರುವುದನ್ನೇ ನೋಡಿ ತಗೋ.

ಅಡಿಕೆತೋಟ:
ಲೂನಾ ರಿಪೇರಿ ಮಾಡಿದರೆ ಲೂನಾ ಆಗುತ್ತದೆ ಅಣ್ಣ. ನನಗೆ ಕೈಯಾರೆ ಮಾಡುವ ಖುಷಿ ಬೇಕು.

ಟೂಟಿ ಆಯಿಲ್:
ಹಾಗಾದರೆ ಲೂನಾ ಇಂಜಿನ್ನೇ ತೆಗೆದು ಸೈಕಲ್‌ಗೆ ಹಾಕು.

ಕಪ್ಪುಕೋಟು:
ಅದನ್ನು ಮಾತ್ರ ಮಾಡಬೇಡಿ. ಯಾರೂ ಕೇಳಿಲ್ಲವಾದರೂ ಕಾನೂನು ಹೇಳಿಬಿಡುತ್ತೇನೆ, ಇಂಜಿನ್ ಯಾವುದು ಅನ್ನುವುದನ್ನು ಅದೇ ತೀರ್ಮಾನ ಮಾಡುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 2ನೇ ಕಲಂನ 28ನೇ ಉಪಕಲಂ ಓದಿ. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಅಂದರೆ ನೋಂದಣಿ ಬೇಡ, ಡಿಎಲ್ ಬೇಡ. 25 ದಾಟಿತೋ, ಅದು ಪೂರ್ತಿ ಮೋಟಾರು ವಾಹನ. 39ನೇ ಕಲಂ ಪ್ರಕಾರ ನೋಂದಣಿ ಆಗದೆ ರಸ್ತೆಗೆ ಇಳಿಸುವ ಹಾಗಿಲ್ಲ. ನೋಂದಣಿ ಮಾಡಿಸೋಣ ಅಂದರೆ ಆ ಮಾದರಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಮನೆಯಲ್ಲಿ ಮಾಡಿದ ಒಂದೇ ಒಂದು ಗಾಡಿಗೆ ಅದನ್ನೆಲ್ಲ ಯಾರು ಮಾಡಿಸುತ್ತಾರೆ? ಪೆಡಲ್ ಇದೆ, ಸೈಕಲ್ ಫ್ರೇಮ್ ಇದೆ ಅನ್ನುವ ವಾದ ನಡೆಯಲ್ಲ. 80 ಸಿಸಿ ಕಿಟ್ ಹಾಕಿದರೆ ತೋಟದ ಬೇಲಿ ಒಳಗೆ ಮಾತ್ರ ಓಡಿಸಿ.

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. 25 ಸಿಸಿ ಒಳಗಿನದಕ್ಕೆ ವಾಹನ ವಿಮೆ ಬೇಡ ಅಂದರೆ ಆ ವಿಮೆಯ ಆಸರೆಯೂ ಇಲ್ಲ ಅಂತಲೇ ಅರ್ಥ. ಯಾರಿಗಾದರೂ ಗುದ್ದಿದರೆ ಪರಿಹಾರ ನಿಮ್ಮ ಜೇಬಿನಿಂದ.

ಲೇತ್ ಮಾಮ:
ದಾವಣಗೆರೆಯಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಇಂಥ ಕಿಟ್ ಹಿಡಿದುಕೊಂಡು ಹುಡುಗರು ಅಂಗಡಿಗೆ ಬರುತ್ತಲೇ ಇರುತ್ತಾರೆ. ಅದರ ಹಣೆಬರಹ ಹೇಳುತ್ತೇನೆ ಕೇಳಪ್ಪ.

80 ಸಿಸಿ ಅಂತ ಮಾರುವುದು ನಿಜವಾಗಿ 66 ಸಿಸಿ. ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 47 ಎಂಎಂ; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 38. ಲೆಕ್ಕ ಹಾಕಿ ನೋಡು. 48 ಸಿಸಿ ಅಂತ ಬರುವುದಕ್ಕೆ ಬೋರ್ 40, ಸ್ಟ್ರೋಕ್ ಅದೇ 38. ಇಂಜಿನ್ ಒಳಗೆ ಸುಮಾರು 4ಕ್ಕೆ 1 ಗೇರ್, ಹೊರಗೆ 10 ಹಲ್ಲಿನ ಸ್ಪ್ರಾಕೆಟ್‌ನಿಂದ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂದಿನ 44 ಹಲ್ಲಿನದಕ್ಕೆ ಚೈನು. ಒಟ್ಟು 18ಕ್ಕೆ 1 ಅಂತಿಟ್ಟುಕೋ. ಇಲ್ಲಿವರೆಗೆ ಸರಿ.

ತಕರಾರು ಶುರುವಾಗುವುದು ಹಿಂದಿನ ಚಕ್ರದಲ್ಲಿ. ಆ 44 ಹಲ್ಲಿನ ಸ್ಪ್ರಾಕೆಟನ್ನು ಕಡ್ಡಿಗಳಿಗೆ ರಬ್ಬರ್ ಬಿಲ್ಲೆ ಇಟ್ಟು 9 ಬೋಲ್ಟ್‌ನಲ್ಲಿ ಬಿಗಿಯುತ್ತಾರೆ. 9 ಯಾಕೆ? ಅವರ ಚಕ್ರಕ್ಕೆ 36 ಕಡ್ಡಿ, ನಾಲ್ಕು ಕಡ್ಡಿಗೆ ಒಂದು ಬೋಲ್ಟ್. ನಮ್ಮ ಹಳೇ ಸೈಕಲ್ ಇಂಗ್ಲೆಂಡ್ ಪದ್ಧತಿ, ಮುಂದೆ 32 ಕಡ್ಡಿ, ಹಿಂದೆ 40. ನಲವತ್ತನ್ನು ಒಂಬತ್ತರಿಂದ ಭಾಗಿಸು ನೋಡೋಣ! ಬೋಲ್ಟ್ ಕೂರುವ ಕಡೆ ಕಡ್ಡಿ ಅಡ್ಡ ಬರುತ್ತದೆ. ಹುಡುಗರು ಕಡ್ಡಿ ಬಾಗಿಸಿ ತುರುಕುತ್ತಾರೆ. ಸ್ವಲ್ಪ ದಿನಕ್ಕೆ ಕಡ್ಡಿ ಒಂದೊಂದೇ ಕಟ್ ಆಗುತ್ತದೆ, ಸ್ಪ್ರಾಕೆಟ್ ವಾಲುತ್ತದೆ, ಚೈನ್ ಹಾರುತ್ತದೆ. ಹಾರಿದ ಚೈನ್ ಕಡ್ಡಿಗೆ ಸಿಕ್ಕಿ ಹಿಂದಿನ ಚಕ್ರ ಲಾಕ್ ಆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಕಿಟ್ ಜೊತೆ ಚೈನ್ ಬಿಗಿ ಇಡಲು ಬರುವ ಟೆನ್ಷನರ್ ಇದೆಯಲ್ಲ, ಅದೂ ಅಷ್ಟೇ. ಒಂದೇ ಬೋಲ್ಟ್‌ನಲ್ಲಿ ಪೈಪ್ ಹಿಡಿದಿರುತ್ತದೆ, ಸಡಿಲ ಆದರೆ ತಿರುಗಿ ನೇರ ಕಡ್ಡಿ ಒಳಗೇ ಹೋಗುತ್ತದೆ.

ಮಾಡಲೇಬೇಕು ಅಂದರೆ ಎರಡು ದಾರಿ. ಸ್ಪ್ರಾಕೆಟ್‌ಗೆ ಹೊಸದಾಗಿ 10 ತೂತು ಹೊಡೆಸುವುದು, ಇಲ್ಲ ಚಕ್ರದ ನಡುವಿನ ಹಬ್‌ಗೇ ಕಚ್ಚಿಕೊಳ್ಳುವ ಎರಡು ಹೋಳಿನ ಅಡಾಪ್ಟರ್ ಲೇತ್‌ನಲ್ಲಿ ಮಾಡಿಸುವುದು. ಎರಡನೆಯದು ಒಳ್ಳೆಯದು, ಕಡ್ಡಿಗೆ ಭಾರವೇ ಬೀಳಲ್ಲ. ಮತ್ತೆ ಕಿಟ್‌ನಲ್ಲಿ ಕೊಟ್ಟ ಬೋಲ್ಟ್ ಎಲ್ಲ ಎಸೆದು 8.8 ಗ್ರೇಡಿನ ಗಟ್ಟಿ ಬೋಲ್ಟ್ ಹಾಕು, ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್ ಹಾಕು.

ಹಳೇಗಾಡಿ:
ಮಾಮನ 40 ಕಡ್ಡಿ ಮಾತು ಬಂಗಾರ. ಯಾವ ವಿಡಿಯೋದಲ್ಲೂ ಹೇಳಲ್ಲ, ಅವರ ಸೈಕಲ್‌ಗಳಿಗೆ ಆ ತೊಂದರೆಯೇ ಇಲ್ಲವಲ್ಲ.

ಸದ್ದಿಲ್ಲದ ಸವಾರ:
ಚಕ್ರದ ನಡುವೆಯೇ ಕೂರುವ 250 ವ್ಯಾಟ್ ಹಬ್ ಮೋಟಾರ್ ಹಾಕಿಬಿಡಿ. ಎರಡು ಬಾರ್ ನಡುವೆ ಡಮ್ಮಿ ಟ್ಯಾಂಕ್ ಮಾಡಿ ಅದರೊಳಗೆ ಬ್ಯಾಟರಿ. 0.25 ಕಿಲೋವ್ಯಾಟ್ ಒಳಗಿದ್ದು 25 ಕಿಲೋಮೀಟರ್ ವೇಗ ದಾಟದಿದ್ದರೆ ಅದಕ್ಕೂ ನೋಂದಣಿ ಬೇಡ. ಸದ್ದಿಲ್ಲ, ಹೊಗೆ ಇಲ್ಲ, ಕೈ ಕೊಳೆ ಆಗಲ್ಲ. ಕೈನೆಟಿಕ್‌ನವರು ಲೂನಾವನ್ನೇ 2024ರಲ್ಲಿ ಎಲೆಕ್ಟ್ರಿಕ್ ಮಾಡಿ ಬಿಟ್ಟರು, ನೀವು ಇನ್ನೂ ಕಾರ್ಬುರೇಟರ್ ಅನ್ನುತ್ತೀರಿ.

ಟೂಟಿ ಆಯಿಲ್:
ಸದ್ದಿಲ್ಲ ಹೊಗೆ ಇಲ್ಲ ಅಂದರೆ ಮತ್ತೆ ಏನಿದೆ ಅದರಲ್ಲಿ?

ಸದ್ದಿಲ್ಲದ ಸವಾರ:
ಬೆಟ್ಟ ಹತ್ತುವ ಎಳೆತ ಇದೆ.

ಅಡಿಕೆತೋಟ:
ಎಲೆಕ್ಟ್ರಿಕ್ ಆಮೇಲೆ ಯೋಚಿಸುತ್ತೇನೆ ಸಾರ್. ಕಿಟ್ ಬೇಡ ಅಂತ ಆಯಿತು. 25 ಸಿಸಿ ಅಂದಮೇಲೆ ತಲೆಗೆ ಬಂದಿದ್ದು ಕಳೆ ಕತ್ತರಿಸುವ ಮಷೀನ್. ನಮ್ಮ ಮನೆಯಲ್ಲಿ ಒಂದಿದೆ, ಹೋಂಡಾ. ಅದರ ಇಂಜಿನ್ ಆಗುತ್ತಾ?

ಕಪ್ಪುಕೋಟು:
ಪ್ಲೇಟ್ ಓದಿ ಮೊದಲು. ಹೋಂಡಾದಲ್ಲಿ ಜಿಎಕ್ಸ್25, ಜಿಎಕ್ಸ್35 ಅಂತೆಲ್ಲ ಇಂಜಿನ್ ಇವೆ. ತೋಟದವರ ಹತ್ತಿರ ಜಾಸ್ತಿ ಇರುವುದು 35, ಅದು 35.8 ಸಿಸಿ. ಆಗಲ್ಲ. ಬೇರೆ ಕಂಪನಿಯ ಟೂ ಸ್ಟ್ರೋಕ್‌ಗಳು 43, 52 ಸಿಸಿ ಇರುತ್ತವೆ. ಅವೂ ಆಗಲ್ಲ. ಜಿಎಕ್ಸ್25 ಆದರೆ ಗೆರೆಯ ಮೇಲೆ ನಿಲ್ಲುತ್ತದೆ.

ಲೇತ್ ಮಾಮ:
ಗೆರೆಯ ಮೇಲೆ ಅಂದರೆ ಪಕ್ಕಾ ಗೆರೆಯ ಮೇಲೆ. ಬೋರ್ 35, ಸ್ಟ್ರೋಕ್ 26. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ 25.01 ಬರುತ್ತದೆ. ವಕೀಲರೇ, ಒಳಗೆ ಹಾಕುತ್ತಾರಾ?

ಕಪ್ಪುಕೋಟು:
ಕಂಪನಿ ಪುಸ್ತಕದಲ್ಲಿ 25.0 ಅಂತ ಅಚ್ಚಾಗಿದೆ. ಆ ಹಾಳೆಯ ಒಂದು ಪ್ರತಿ ಸೈಕಲ್‌ನಲ್ಲೇ ಇಟ್ಟುಕೊಳ್ಳಿ. ರಸ್ತೆಯಲ್ಲಿ ನಿಲ್ಲಿಸಿದ ಪೊಲೀಸರಿಗೆ ಈ ಉಪಕಲಂ ಬಾಯಿಪಾಠ ಇರುತ್ತದೆ ಅಂತ ನಂಬಬೇಡಿ, ಸಮಾಧಾನವಾಗಿ ತೋರಿಸಿ. ಅಂದಹಾಗೆ ಮಷೀನ್ ಸಬ್ಸಿಡಿಯಲ್ಲಿ ತಗೊಂಡಿದ್ದರೆ ಬಿಚ್ಚಬೇಡಿ ಮಾರಾಯರೇ.

ಅಡಿಕೆತೋಟ:
ನೋಡಿದೆ, ನಮ್ಮದು 35. ಸಬ್ಸಿಡಿಯದ್ದೇ. ಅಪ್ಪಯ್ಯ ಹೇಗೂ ಮುಟ್ಟಲು ಬಿಡಲ್ಲ. ಸೆಕೆಂಡ್ ಹ್ಯಾಂಡ್ 25 ಹುಡುಕುತ್ತೇನೆ. ಆದರೆ ಒಂದು ಎಚ್‌ಪಿ ಇಂಜಿನ್ ನನ್ನನ್ನು ಎಳೆಯುತ್ತಾ?

ಹಳೇಗಾಡಿ:
ಯಾಕೆ ಎಳೆಯಲ್ಲ? ಎರಡನೇ ಮಹಾಯುದ್ಧ ಮುಗಿದ ಮೇಲೆ ಅರ್ಧ ಜಗತ್ತು ಓಡಾಡಿದ್ದು ಇಂಥದ್ದರಲ್ಲೇ. ಫ್ರಾನ್ಸ್‌ನಲ್ಲಿ ವೆಲೋಸೋಲೆಕ್ಸ್ 1946ರಲ್ಲಿ ಬಂತು, ಮುಂದಿನ ಚಕ್ರದ ಮೇಲೆ ಇಂಜಿನ್, ಟೈರನ್ನು ರೋಲರ್ ಉಜ್ಜಿ ತಿರುಗಿಸುವುದು. ಇಟಲಿಯಲ್ಲಿ ಡುಕಾಟಿ ಕಂಪನಿ ಮೊದಲು ಮಾಡಿದ ಇಂಜಿನ್ ಕುಚೊಲೊ, ಸೈಕಲ್‌ಗೆ ಹಾಕುವ 48 ಸಿಸಿಯದು. ಇಂಗ್ಲೆಂಡಿನಲ್ಲಿ 1950ರ ಸೈಕಲ್‌ಮಾಸ್ಟರ್ ಅಂತ, ಇಡೀ ಇಂಜಿನ್ ಹಿಂದಿನ ಚಕ್ರದ ಒಳಗೇ ಇರುತ್ತಿತ್ತು, ಶುರುವಿಗೆ ಬರೀ 25.7 ಸಿಸಿ! ಅದರ ಜೊತೆಗೆ ಟ್ರೋಜನ್ ಕಂಪನಿಯ ಮಿನಿ ಮೋಟಾರ್, ಹಿಂದಿನ ಚಕ್ರದ ಮೇಲೆ ರೋಲರ್, ಒಂದು ಲಿವರ್ ಎಳೆದರೆ ಇಂಜಿನ್ ಟೈರ್ ಬಿಟ್ಟು ಮೇಲೆ ಏಳುತ್ತಿತ್ತು.

ಜಪಾನಿನಲ್ಲಿ ಹೋಂಡಾ ಸೊಯಿಚಿರೊ ಕೂಡ ಮೊದಲು ಮಾಡಿದ್ದು ಇದನ್ನೇ. ಸೇನೆಯ ವೈರ್‌ಲೆಸ್ ಸೆಟ್‌ಗೆ ಕರೆಂಟ್ ಕೊಡುತ್ತಿದ್ದ ಪುಟ್ಟ ಇಂಜಿನ್‌ಗಳು ಯುದ್ಧ ಮುಗಿದ ಮೇಲೆ ಬಿದ್ದಿದ್ದವು. ಅವನ್ನು ತಂದು ಸೈಕಲ್‌ಗೆ ಕೂರಿಸಿದರು. ಮೊದಲ ಮಾದರಿಗೆ ಟ್ಯಾಂಕ್ ಆಗಿ ಬಳಸಿದ್ದು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬ. ಅದೇ ಕಂಪನಿಯ ಕಳೆ ಮಷೀನ್ ಇಂಜಿನ್ನು ಈಗ ನಿಮ್ಮ ಸೈಕಲ್‌ಗೆ! ನನಗಂತೂ 1910ರ ರೇಸ್ ಗಾಡಿಗಿಂತ 1946ರ ಈ ಬಡವರ ಗಾಡಿಗಳೇ ಇಷ್ಟ. ಅವು ನಿಜವಾಗಿ ಮನೆಯ ಕೊಟ್ಟಿಗೆಯಲ್ಲಿ ಹುಟ್ಟಿದವು.

ಲೇತ್ ಮಾಮ:
ಕಥೆ ಚೆನ್ನಾಗಿದೆ, ಈಗ ಲೆಕ್ಕ ಮಾಡೋಣ. ಆ ಇಂಜಿನ್‌ಗೆ ಒಂದು ಎಚ್‌ಪಿ ಬರುವುದು 7000 ಆರ್‌ಪಿಎಂನಲ್ಲಿ. ನಿನ್ನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 25 ಕಿಲೋಮೀಟರ್ ಹೋಗಬೇಕು ಅಂದರೆ ಚಕ್ರ ನಿಮಿಷಕ್ಕೆ 190 ಸುತ್ತು. 7000ದಿಂದ 190ಕ್ಕೆ ಇಳಿಸಬೇಕು, ಅಂದರೆ 37ಕ್ಕೆ 1. ಇಷ್ಟನ್ನು ಚೈನ್‌ನಲ್ಲಿ ಮಾಡಲು ಎರಡು ಹಂತ ಬೇಕು, ನಡುವೆ ಒಂದು ಶಾಫ್ಟು, ನಾಲ್ಕು ಬೇರಿಂಗು, ಎಲ್ಲ ಒಂದೇ ಸಾಲಿಗೆ ಬರಬೇಕು. ಮೊದಲ ಸಲದವನಿಗೆ ಬೇಡ. ರೋಲರ್ ಆದರೆ ಒಂದೇ ಹಂತದಲ್ಲಿ ಮುಗಿಯಿತು. 25 ಎಂಎಂ ರೋಲರ್ ಹಾಕಿದರೆ 7000ಕ್ಕೆ 33 ಕಿಲೋಮೀಟರ್ ವೇಗ. 20 ಎಂಎಂ ಹಾಕಿದರೆ 26. ಹೊರದೇಶದ ಹುಡುಗರು ರೋಲರ್ ಆಗಿ ಕಸರತ್ತಿನ ಬಿಎಂಎಕ್ಸ್ ಸೈಕಲ್‌ನ ಕಾಲಿಡುವ ಪೆಗ್ ಹಾಕುತ್ತಾರೆ, ಅದು 38 ಎಂಎಂ, ಲೆಕ್ಕದಲ್ಲಿ 50 ಕಿಲೋಮೀಟರ್ ಬರುತ್ತದೆ. ಈ ಇಂಜಿನ್‌ಗೆ ಅಷ್ಟು ಶಕ್ತಿ ಇಲ್ಲ, ನಿನ್ನ ಬ್ರೇಕ್‌ಗೂ ಇಲ್ಲ.

ಕಳೆ ಮಷೀನ್‌ನಲ್ಲಿ ಕೇಂದ್ರಾಪಗಾಮಿ ಕ್ಲಚ್ ಇದ್ದೇ ಇರುತ್ತದೆ, ಇಂಜಿನ್ ಜೋರಾಗಿ ತಿರುಗಿದಾಗ ತಾನೇ ಹಿಡಿಯುವಂಥದ್ದು. ಎಕ್ಸಲರೇಟರ್ ಬಿಟ್ಟರೆ ಕ್ಲಚ್ ಬಿಡುತ್ತದೆ, ಇಂಜಿನ್ ನಿಲ್ಲಲ್ಲ. ಕ್ಲಚ್ ಲಿವರ್ ಬೇಡ, ಕೇಬಲ್ ಒಂದೇ. ಆದರೆ ನಿಂತಲ್ಲಿಂದ ಇಂಜಿನ್ ಮೇಲೆಯೇ ಎಳೆಸಬೇಡ, ಕ್ಲಚ್ ಒಳಗಿನ ಶೂ ಸುಟ್ಟುಹೋಗುತ್ತದೆ. ಪೆಡಲ್ ತುಳಿದು ವೇಗ ಹಿಡಿದಮೇಲೆ ಕೊಡು. ಏರಿನಲ್ಲೂ ತುಳಿಯಬೇಕು. ಆಗುಂಬೆ ಘಾಟಿ ಮರೆತುಬಿಡು.

ಹಳೇಗಾಡಿ:
ಮಾಮ, ಇಂಜಿನ್ ಫ್ರೇಮಿನ ತ್ರಿಕೋನದ ಒಳಗೆ ಕೂತರೆ ತಾನೇ ಲುಕ್? ಕ್ಯಾರಿಯರ್ ಮೇಲೆ ಕಳೆ ಮಷೀನ್ ಕೂತರೆ ಕಳೆ ಮಷೀನ್ ತರವೇ ಕಾಣುತ್ತದೆ. ಅಮೆರಿಕದಲ್ಲಿ ಸೈಕಲ್‌ಗೆ ಇಂಜಿನ್ ಮಾಡುತ್ತಿದ್ದ ವಿಝರ್‌ನವರು ಬೆಲ್ಟ್ ಹಾಕಿದ್ದರು, ಚೈನ್‌ನಷ್ಟು ನಿಖರವಾಗಿ ಒಂದೇ ಸಾಲಿಗೆ ಬರಬೇಕು ಅಂತಿಲ್ಲ. ಹಾಗೆ ಮಾಡಲಿ.

ಲೇತ್ ಮಾಮ:
ವಿಝರ್ 138 ಸಿಸಿ ಸ್ವಾಮಿ! ಅಷ್ಟು ದೊಡ್ಡ ಇಂಜಿನ್ ನಿಧಾನವಾಗಿ ತಿರುಗುತ್ತದೆ, ಬೆಲ್ಟ್ ಸಾಕಾಗುತ್ತದೆ. ಇದು 7000 ತಿರುಗುವ ಪುಟಾಣಿ. ಮೊದಲು ರೋಲರ್‌ನಲ್ಲಿ ಓಡಲಿ. ಓಡುವ ಗಾಡಿಯ ಚೆಂದ ಆಮೇಲೆ ಹೆಚ್ಚಿಸಬಹುದು, ಅರ್ಧಕ್ಕೆ ನಿಂತ ಚೆಂದದ ಗಾಡಿ ನನ್ನ ಅಂಗಡಿ ಹಿಂದೆ ಬೇಕಾದಷ್ಟು ಬಿದ್ದಿವೆ.

ಹಳೇಗಾಡಿ:
ಸರಿ, ಒಪ್ಪಿದೆ. ಇಂಜಿನ್‌ನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಬಿಚ್ಚಬೇಡಿ, ಗಾಳಿ ಅದರೊಳಗಿಂದಲೇ ಹೋಗಿ ಸಿಲಿಂಡರ್ ತಂಪಾಗುವುದು. ಬೇಕಾದರೆ ಕಪ್ಪು ಬಣ್ಣ ಹೊಡೆಯಿರಿ, ಅರ್ಧ ಮರೆಯಾಗುತ್ತದೆ. ಪೆಟ್ರೋಲ್ ಟ್ಯಾಂಕ್ ಇಂಜಿನ್ ಜೊತೆಗೇ ಇರುತ್ತದೆ, ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಬಾರ್ ನಡುವಿನ ಟ್ಯಾಂಕ್ ಡಮ್ಮಿ ಆಗಲಿ. ಪೆಟ್ರೋಲ್ ಸೋರುವ ಚಿಂತೆ ಇಲ್ಲ, ತೆಳು ತಗಡಿನಲ್ಲಿ ಮಾಡಿ ಒಳಗೆ ಸ್ಪ್ಯಾನರ್, ಪಂಚರ್ ಸಾಮಾನು ಇಟ್ಟುಕೊಳ್ಳಿ. ಕೆನೆ ಬಣ್ಣದ ಟೈರ್ ಈ ಅಳತೆಗೆ ಹುಡುಕಿ ಸುಸ್ತಾಗಬೇಡಿ, ಕಪ್ಪೇ ಇರಲಿ. ಚರ್ಮದ ಸೀಟು, ಒಂದೇ ಬಣ್ಣ. ಸಾಕು.

ನಿಧಾನ ಹೋಗು:
ಎಲ್ಲರೂ ಇಂಜಿನ್ ಬಗ್ಗೆಯೇ ಮಾತಾಡುತ್ತಿದ್ದೀರಿ, ಬ್ರೇಕ್? ರಾಡ್ ಬ್ರೇಕ್, ಅದೂ ಕ್ರೋಮ್ ಬಳಿದ ಸ್ಟೀಲ್ ರಿಮ್, ಅದೂ ತೀರ್ಥಹಳ್ಳಿ ಮಳೆ! ಒದ್ದೆ ರಿಮ್ ಮೇಲೆ ರಬ್ಬರ್ ಕಟ್ಟೆ ಜಾರುತ್ತದೆ, ಹಿಡಿದರೂ ಹಿಡಿದಂತೆ ಆಗಲ್ಲ. ಮುಂದಕ್ಕೆ ಡಿಸ್ಕ್ ಹಾಕಿ. ಮುಂದಿನ ರಿಮ್ 32 ತೂತು, 32 ತೂತಿನ ಡಿಸ್ಕ್ ಹಬ್ ಗೇರ್ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಕಡ್ಡಿ ಮಾತ್ರ ಹೊಸ ಅಳತೆ ಬೇಕು. 29 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಫೋರ್ಕ್ ಒಳಗೆ ಈ ಚಕ್ರ ಹಿಡಿಯುತ್ತದೆ.

ಲೇತ್ ಮಾಮ:
ಚಕ್ರ ಹಿಡಿಯುತ್ತದೆ, ಫೋರ್ಕ್ ಹಿಡಿಯಲ್ಲ. ಹಳೇ ಸೈಕಲ್ ಕತ್ತು 1 ಇಂಚಿನದು, ಎಂಟಿಬಿ ಫೋರ್ಕ್ ಕಾಂಡ ಅದಕ್ಕಿಂತ ದಪ್ಪ, ಚೂಡಿಯೂ (ಥ್ರೆಡ್) ಇಲ್ಲ. ಇನ್ನು ಹಳೇ ಫೋರ್ಕ್‌ಗೇ ಡಿಸ್ಕ್ ಕ್ಲಿಪ್ ವೆಲ್ಡ್ ಮಾಡಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಓಡಿಹೋಗು. ಆ ತೆಳು ಕೊಳವೆ ಒಂದು ಕಡೆಯಿಂದ ಎಳೆದರೆ ತಿರುಚಿಕೊಳ್ಳುತ್ತದೆ.

ನಿಧಾನ ಹೋಗು:
ಹಾಗಾದರೆ ಚರ್ಮದ ಕಟ್ಟೆ. ಇಂಗ್ಲೆಂಡಿನಲ್ಲಿ ಸ್ಟೀಲ್ ರಿಮ್‌ಗೆ ಚರ್ಮ ಅಂಟಿಸಿದ ಬ್ರೇಕ್ ಕಟ್ಟೆ ಮಾರುತ್ತಿದ್ದರು, ಒದ್ದೆಯಲ್ಲಿ ರಬ್ಬರ್‌ಗಿಂತ ಚೆನ್ನಾಗಿ ಹಿಡಿಯುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಯ ದಪ್ಪ ಚರ್ಮ ಸಿಗುತ್ತದೆ. ಆದರೂ ಮಳೆಗಾಲದಲ್ಲಿ ಇಂಜಿನ್ ಮುಟ್ಟಬೇಡಿ. ಹೇಗೂ ರೋಲರ್ ಕೂಡ ಒದ್ದೆ ಟೈರ್ ಮೇಲೆ ಜಾರುತ್ತದೆ. ವೇಗ 25ರ ಒಳಗೇ ಇರಲಿ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿ.

ಐಂಡ್‌ಹೋವನ್ ಹುಡುಗ:
ನೆದರ್‌ಲ್ಯಾಂಡ್ಸ್‌ನಿಂದ. ಇಲ್ಲಿ ಬೇಸಿಗೆಯಲ್ಲಿ ಆ ವೆಲೋಸೋಲೆಕ್ಸ್ ಓಡಿಸುವ ಅಜ್ಜಂದಿರು ಈಗಲೂ ಕಾಣುತ್ತಾರೆ. ಅದರ ರೋಲರ್ ಬರೀ ಉಕ್ಕಲ್ಲ, ಸಾಣೆಕಲ್ಲಿನ ಪುಡಿಯಂಥದ್ದರಲ್ಲಿ ಮಾಡಿದ್ದು. ಅದಕ್ಕೇ ಹಿಡಿತ. ನಿಧಾನ ಹೋಗು ಅವರು ಹೇಳಿದ ಹೆಲ್ಮೆಟ್ ವಿಷಯ, ಇಲ್ಲಿ 25 ಕಿಲೋಮೀಟರ್ ವೇಗದ ಮೊಪೆಡ್‌ಗೂ 2023ರ ಜನವರಿಯಿಂದ ಕಡ್ಡಾಯ ಮಾಡಿದರು.

ಅಡಿಕೆತೋಟ:
ಉಕ್ಕಿನ ರೋಲರ್‌ಗೆ ಗೀರು ಹಾಕಿಸಲಾ ಮಾಮ?

ಲೇತ್ ಮಾಮ:
ನರ್ಲಿಂಗ್ ಸಣ್ಣಗೆ ಹಾಕಿಕೊಡುತ್ತೇನೆ. ಚೂಪಾಗಿ ಹಾಕಿದರೆ ಟೈರನ್ನು ಅರದ ತರ ತಿಂದುಹಾಕುತ್ತದೆ. ಟೈರ್ ಗಾಳಿ ಗಟ್ಟಿಯಾಗಿರಲಿ, ಮಧ್ಯದಲ್ಲಿ ಸಪಾಟಾದ ಗೀಟು ಇರುವ ಟೈರ್ ತಗೋ. ಇಂಜಿನ್ ಪ್ಲೇಟನ್ನು ಸೀಟಿನ ಕೆಳಗಿಂದ ಹಿಂದಿನ ಚಕ್ರಕ್ಕೆ ಇಳಿಯುವ ಪೈಪ್‌ಗಳಿಗೆ ಕ್ಲ್ಯಾಂಪ್ ಹಾಕಿ ಕೀಲಿನ ಮೇಲೆ ನಿಲ್ಲಿಸು, ಸ್ಪ್ರಿಂಗ್ ಅದನ್ನು ಟೈರ್‌ಗೆ ಒತ್ತಲಿ. ಆ ಟ್ರೋಜನ್‌ನವರ ಹಾಗೆ ಎತ್ತಿ ಹಿಡಿಯಲು ಒಂದು ಲಿವರ್ ಇರಲಿ, ಪೆಟ್ರೋಲ್ ಮುಗಿದರೆ ಸೈಕಲ್ ಸೈಕಲ್ಲಾಗಿಯೇ ಮನೆಗೆ ಬರುತ್ತದೆ. ಫ್ರೇಮ್ ಪೈಪ್‌ಗೆ ಮಾತ್ರ ಒಂದೂ ತೂತು ಹೊಡೆಯಬೇಡ, ಅಲುಗಾಟಕ್ಕೆ ಬಿರುಕು ಅಲ್ಲಿಂದಲೇ ಶುರು.

ಇಂಜಿನ್ ಆರಿಸುವ ಸ್ವಿಚ್ ಬಲಗೈ ಹೆಬ್ಬೆರಳಿಗೆ ಸಿಗಬೇಕು. ಎಕ್ಸಲರೇಟರ್ ಬಿಟ್ಟ ತಕ್ಷಣ ತಾನಾಗಿ ವಾಪಸ್ ಬರುತ್ತದಾ, ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡು. ಓಡಿಸುವ ಮೊದಲು ಮುಂದಿನ ಫೋರ್ಕ್ ಬಿಚ್ಚಿ ಕತ್ತಿನ ಬುಡದಲ್ಲಿ ಬಣ್ಣ ಕೆರೆದು ಬಿರುಕು ಇದೆಯಾ ನೋಡು. ಹಾಲಿನ ಸೈಕಲ್ ಅದು, ಎಷ್ಟು ಗುಂಡಿ ಹಾರಿದೆಯೋ.

ಟೂಟಿ ಆಯಿಲ್:
ಪೆಟ್ರೋಲ್‌ಗೆ ಆಯಿಲ್ ಎಷ್ಟು ಬೆರೆಸಬೇಕು ಅಂತ ಯಾರೂ ಹೇಳಲಿಲ್ಲ.

ಲೇತ್ ಮಾಮ:
ಬೆರೆಸುವುದೇ ಇಲ್ಲ. ಅದು ಫೋರ್ ಸ್ಟ್ರೋಕ್. ಒಳಗೆ 80 ಮಿಲಿ ಇಂಜಿನ್ ಆಯಿಲ್, ಅಷ್ಟೇ. ಸಣ್ಣ ಟೀ ಲೋಟದಷ್ಟು, ಅದಕ್ಕೇ ಆಗಾಗ ಆಯಿಲ್ ಮುಚ್ಚಳ ತೆಗೆದು ಮಟ್ಟ ನೋಡಬೇಕು.

ಟೂಟಿ ಆಯಿಲ್:
ಹೊಗೆ ಇಲ್ಲವಾ ಹಾಗಾದರೆ. ಛೆ.

ನಿಧಾನ ಹೋಗು:
ಈಗ ಬಂಕ್‌ನಲ್ಲಿ ಬರುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್, ಅದು ನೀರು ಹೀರುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್‌ನಲ್ಲಿ ಉಳಿದಿದ್ದು ಮುಗಿಯುವವರೆಗೆ ಓಡಿಸಿ ನಿಲ್ಲಿಸಿ. ಹಳೇ ಮಷೀನ್‌ನ ರಬ್ಬರ್ ಪೈಪ್ ಮೆತ್ತಗಾಗಿದ್ದರೆ ಬದಲಾಯಿಸಿ.

ಅಡಿಕೆತೋಟ:
ಎಲ್ಲರಿಗೂ ಥ್ಯಾಂಕ್ಸ್. ಸಾಗರದಲ್ಲಿ ಒಬ್ಬರ ಹತ್ತಿರ ಜಿಎಕ್ಸ್25 ಇದೆಯಂತೆ, ಕೆಳಗಿನ ಬ್ಲೇಡಿನ ಗೇರ್ ಡಬ್ಬಿ ಹೋಗಿದೆ, ಇಂಜಿನ್ ಚೆನ್ನಾಗಿದೆ ಅಂದರು. ಗೇರ್ ಡಬ್ಬಿ ನನಗೆ ಬೇಕಾಗೂ ಇಲ್ಲ. ನಾಳಿದ್ದು ಹೋಗಿ ಸ್ಟಾರ್ಟ್ ಮಾಡಿಸಿ ನೋಡಿ ತರುತ್ತೇನೆ. ಮಾಮ, ರೋಲರ್‌ಗೆ ಏನೇನು ತರಬೇಕು?

ಲೇತ್ ಮಾಮ:
25 ಎಂಎಂನ ಇಎನ್8 ಉಕ್ಕಿನ ರಾಡ್ ನನ್ನ ಹತ್ತಿರವೇ ಇದೆ. ಎರಡೂ ತುದಿ 12 ಎಂಎಂಗೆ ಇಳಿಸಿ 6001 ಬೇರಿಂಗ್ ಕೂರಿಸುತ್ತೇನೆ, ಎರಡು ಕಡೆ ಸೀಲ್ ಇರುವುದು ತಗೊಂಡು ಬಾ. ಒಂದೇ ಕಡೆ ಬೇರಿಂಗ್ ಹಾಕಿ ರೋಲರ್ ನೇತಾಡಿಸಿದರೆ ಕ್ಲಚ್ ಡ್ರಮ್ಮಿನ ಬೇರಿಂಗ್ ಹೋಗುತ್ತದೆ, ಅದಕ್ಕೇ ಎರಡು. ಕ್ಲಚ್ ಡ್ರಮ್ ಅದರ ಮನೆ ಸಮೇತ ಬೇಕು, ಬಿಚ್ಚಬೇಡ. ಉದ್ದದ ಶಾಫ್ಟ್ ಕೂಡ ಎಸೆಯದೆ ತಾ, ಡ್ರಮ್ ಒಳಗೆ ಹೋಗುವ ತುದಿಯನ್ನೇ ಕತ್ತರಿಸಿ ರೋಲರ್‌ಗೆ ಸೇರಿಸಬಹುದು. ಅದು ಚೌಕವೋ ಹಲ್ಲಿನದೋ ಮೊದಲು ನೋಡಿ ಹೇಳು, ಅದರ ಮೇಲೆ ಕೆಲಸ ನಿಂತಿದೆ.

ಅಡಿಕೆತೋಟ:
ಸರಿ ಮಾಮ. ಬಿಚ್ಚಿದ ತಕ್ಷಣ ತುದಿಯ ಫೋಟೋ ಇಲ್ಲೇ ಹಾಕುತ್ತೇನೆ.